ಹೊಗೆಯಿಲ್ಲದ ಒಲೆ: ಆಜ್ಞೆಯೂ ಆಚರಣೆಯೂ

ಮುಂಬಯಿ ಉಚ್ಚ ನ್ಯಾಯಾಲಯವು 2025ರ ಜನವರಿ 9ರಂದು ಹೊರಡಿಸಿದ ಆಜ್ಞೆಯೊಂದು ನಮ್ಮ ವಾಚಕರಲ್ಲಿ ಅನೇಕರ ಹೊಟ್ಟೆಪಾಡಿಗೆ ನೇರವಾಗಿ ತಾಗುವಂಥದು. ಕಟ್ಟಿಗೆಯಿಂದಲೂ ಇದ್ದಲಿನಿಂದಲೂ ಒಲೆ ಉರಿಸುವ ಬೇಕರಿಗಳೂ ಹೋಟೆಲುಗಳೂ ಆರು ತಿಂಗಳೊಳಗಾಗಿ ಅನಿಲಕ್ಕೆ ಇಲ್ಲವೆ ಬೇರೆ ಶುದ್ಧ ಇಂಧನಕ್ಕೆ ಬದಲಾಗತಕ್ಕದ್ದು. ಆ ಷರತ್ತಿಗೆ ಒಪ್ಪದವರಿಗೆ ಮುಂದೆ ಹೊಸ ಪರವಾನಗಿಯನ್ನು ಕೊಡತಕ್ಕದ್ದಲ್ಲ ಎಂಬುದು ಅದರ ಸಾರಾಂಶ. ಮಹಾನಗರಪಾಲಿಕೆಯು ತನ್ನ ನೋಟೀಸುಗಳಲ್ಲಿ ಒಂದು ವರ್ಷದ ಅವಕಾಶವನ್ನಿತ್ತಿದ್ದಿತು. ನ್ಯಾಯಾಲಯವು ಅದನ್ನು ಅರ್ಧಕ್ಕಿಳಿಸಿತು. 2023ರಲ್ಲಿ ನಗರದ ಗಾಳಿ ತೀರ ಕೆಟ್ಟಾಗ ನ್ಯಾಯಾಲಯವು ತಾನಾಗಿಯೇ ಕೈಗೆತ್ತಿಕೊಂಡ ಪ್ರಕರಣದಲ್ಲಿ ಹುಟ್ಟಿದ ಆಜ್ಞೆಯಿದು. ಅದರ ಗಡುವು 2025ರ ಜುಲೈ ತಿಂಗಳಲ್ಲಿ ತೀರಿತು. ಗಡುವು ತೀರಿದ ಮೇಲೆ ಅದರ ಗುಣದೋಷಗಳನ್ನು ಶಾಂತಚಿತ್ತದಿಂದ ವಿಚಾರಿಸುವುದು ಉಚಿತವೆಂದು ನಾವು ತಿಳಿಯುತ್ತೇವೆ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಲೇಸು. ಆಜ್ಞೆ ಯೋಗ್ಯವಾದದ್ದೇ. ಬಾಂಬೆ ಎನ್ವಿರಾನ್‌ಮೆಂಟಲ್ ಆಕ್ಷನ್ ಗ್ರೂಪ್ ಎಂಬ ಸಂಸ್ಥೆಯವರು ಮುಂಬಯಿಯ ಬೇಕರಿಗಳನ್ನು ಸಮೀಕ್ಷಿಸಿದಾಗ, ನೋಡಿದವುಗಳಲ್ಲಿ ಸುಮಾರು ಅರ್ಧದಷ್ಟು ಕಟ್ಟಿಗೆಯ ಭಟ್ಟಿಗಳೆಂದು ಕಂಡುಬಂದಿತು. ಕಟ್ಟಿಗೆಯೆಂದರೆ ಕಾಡಿನ ಒಣಸೌದೆಯೆಂದು ಯಾರೂ ಭಾವಿಸಬೇಕಾಗಿಲ್ಲ. ಹಳೆಯ ಮನೆ ಕೆಡವಿದಾಗ ಸಿಕ್ಕಿದ ತೊಲೆ, ಮುರಿದ ಕಪಾಟು, ಬಣ್ಣವನ್ನೂ ವಾರ್ನಿಶನ್ನೂ ಬಳಿದ ಹಲಗೆ, ಇವು ಸೋವಿಯಾಗಿ ದೊರೆಯುತ್ತವೆ. ಅಂತೆಯೇ ಭಟ್ಟಿಯನ್ನು ಸೇರುತ್ತವೆ. ಮುಂಬಯಿಯ ಬಡವನ ಊಟವೆನಿಸಿದ ಪಾವು ಆ ಬೆಂಕಿಯಲ್ಲಿ ಬೇಯುತ್ತದೆ. ನಮ್ಮ ಉಡುಪಿ ಹೋಟೆಲುಗಳ ಪಾವ್‌ಭಾಜಿಗೂ ಮಿಸಳಿಗೂ ಅದೇ ಪಾವು ಬರುತ್ತದೆ. ಆದುದರಿಂದ ‘ಇದು ಬೇಕರಿಯವರ ತಾಪತ್ರಯ, ನಮಗೇನು?’ ಎಂದು ನಮ್ಮ ಹೋಟೆಲು ಬಂಧುಗಳು ಕೈತೊಳೆದುಕೊಳ್ಳುವಂತಿಲ್ಲ. ತಂದೂರು ಇಟ್ಟವರಿಗಂತೂ ಆಜ್ಞೆ ನೇರವಾಗಿಯೇ ಅನ್ವಯಿಸುತ್ತದೆ.

ಈ ಹೊಗೆಯಲ್ಲಿರುವ ಅತಿ ಸೂಕ್ಷ್ಮ ಕಣಗಳು ಶ್ವಾಸಕೋಶವನ್ನು ದಾಟಿ ರಕ್ತವನ್ನೂ ಸೇರಬಲ್ಲವೆಂದು ವೈದ್ಯಶಾಸ್ತ್ರವು ಹೇಳುತ್ತದೆ. ಘನ ಮೀಟರ್ ಗಾಳಿಯಲ್ಲಿ ಇವು ವರ್ಷದ ಸರಾಸರಿಯಲ್ಲಿ 5 ಮೈಕ್ರೊಗ್ರಾಮಿಗೆ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಮಿತಿ ಹಾಕಿತು. ನಮ್ಮ ದೇಶವು 2009ರಲ್ಲಿ ತನಗೆ ತಾನೇ ಹಾಕಿಕೊಂಡ ಮಿತಿ 40. ಎಂಟು ಪಾಲು ಸಡಿಲವಾದ ಈ ಮಿತಿಯೊಳಗೆ ನಿಲ್ಲುವುದೂ ನಮ್ಮ ದೊಡ್ಡ ನಗರಗಳಿಗೆ ಕಷ್ಟವಾಗಿದೆ. ಆದರೆ ಲೆಕ್ಕದ ಪುಸ್ತಕ ನೋಡದೆಯೂ ಒಂದು ಮಾತನ್ನು ಹೇಳಬಹುದು. ಭಟ್ಟಿಯ ಹೊಗೆ ನಗರದ ಆಕಾಶವನ್ನು ಸೇರುವ ಮೊದಲು ಭಟ್ಟಿಯ ಬಾಯಲ್ಲಿ ನಿಂತವನ ಎದೆಯನ್ನು ಸೇರುತ್ತದೆ. ಮೂರು ಗಂಟೆಯ ನಸುಕಿಗೆ ಎದ್ದು ಒಲೆ ಹೊತ್ತಿಸುವವನ ಕೆಮ್ಮು ಯಾವ ಮಾಪಕಯಂತ್ರದಲ್ಲಿಯೂ ದಾಖಲಾಗುವುದಿಲ್ಲ. ಹೊಗೆ ಹೋಗುವುದರಿಂದ ಮೊದಲ ಲಾಭ ಅವನದು.

ಹೀಗಿರುವಾಗ ನಮ್ಮ ತಕರಾರಾದರೂ ಏನು? ಸರಕಾರಗಳು ತಮ್ಮ ಪ್ರಗತಿಯನ್ನು ಎಣಿಸುವ ಕ್ರಮವೇ ನಮಗೆ ಸರಿದೋರುವುದಿಲ್ಲ. ನೋಟೀಸು ಎಷ್ಟು ಹೊರಟವು, ಗಡುವು ಯಾವ ದಿನಕ್ಕೆ, ದಂಡ ಎಷ್ಟು ವಸೂಲಾಯಿತು ಎಂಬಿವನ್ನು ಎಣಿಸಿ ಕಚೇರಿಯವರು ತೃಪ್ತರಾಗುತ್ತಾರೆ. ಒಲೆಗಳೆಷ್ಟು ಬದಲಾದವು, ಬದಲಾದ ಒಲೆ ಮರುವರ್ಷವೂ ಉರಿಯುತ್ತಿದೆಯೇ, ಹಳೆಯ ಒಲೆಯ ಮುಂದಿದ್ದ ಕೆಲಸಗಾರ ಈಗ ಎಲ್ಲಿದ್ದಾನೆ ಎಂಬುದನ್ನು ಎಣಿಸುವವರು ವಿರಳ. 2016ರ ಮೇ 1ರಂದು ಬಲಿಯಾದಲ್ಲಿ ಆರಂಭವಾದ ಉಜ್ವಲಾ ಯೋಜನೆಯನ್ನೇ ನೋಡಬಹುದು. ಹತ್ತು ಕೋಟಿಗೂ ಮಿಕ್ಕಿ ಬಡ ಮನೆಗಳಿಗೆ ಅನಿಲದ ಜೋಡಣೆ ದೊರೆಯಿತು. ಇದು ದೊಡ್ಡ ಕೆಲಸವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಮೊದಲ ಸಿಲಿಂಡರು ಬರಿದಾದ ಮೇಲೆ ಎರಡನೆಯದನ್ನು ಕೊಳ್ಳಲು ಕೈಯಲ್ಲಿ ಹಣವಿಲ್ಲದೆ ಮತ್ತೆ ಸೌದೆಯೊಲೆಗೆ ಮರಳಿದ ಗೃಹಿಣಿಯರು ಹಳ್ಳಿ ಹಳ್ಳಿಗಳಲ್ಲಿ ಕಾಣಸಿಗುತ್ತಾರೆ. ಜೋಡಣೆಯ ಸಂಖ್ಯೆಯಲ್ಲಿ ಅವರೂ ಸೇರಿದ್ದಾರೆ.

ಇನ್ನು ಮುಂಬಯಿಯ ಸಣ್ಣ ಹೋಟೆಲಿನವನ ಪಾಡನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕಾಗಿದೆ. ಗಲ್ಲೆಯ ಮೇಲೆ ಕುಳಿತವರಿಗೆ ಇದು ಹೊಸತಲ್ಲ. ಕಚೇರಿಯಲ್ಲಿ ಕುಳಿತವರಿಗೆ ಹೊಸತಿರಬಹುದು. ಅನಿಲಕ್ಕೆ ಬದಲಾಗಲು ಅವನ ಮುಂದೆ ಎರಡು ದಾರಿಗಳಿವೆ: ಕೊಳವೆಯ ಅನಿಲ, ಇಲ್ಲವೆ ಸಿಲಿಂಡರು. ಮಹಾನಗರ ಗ್ಯಾಸ್ ಕಂಪನಿ 1995ರಲ್ಲಿ ಸ್ಥಾಪನೆಯಾದಂದಿನಿಂದ ನಗರದಲ್ಲಿ ಕೊಳವೆಯ ಜಾಲ ಬಹಳ ಬೆಳೆದಿದೆ. ಆದರೆ ರಸ್ತೆಯಲ್ಲಿ ಕೊಳವೆ ಹಾದುಹೋದ ಮಾತ್ರಕ್ಕೆ ಅಡಿಗೆಮನೆಗೆ ಅನಿಲ ಬರುವುದಿಲ್ಲ. ಹೋಟೆಲಿರುವುದು ಹಳೆಯ ಪಗಡಿ ಕಟ್ಟಡದಲ್ಲಿ. ಗೋಡೆಗೆ ತೂತು ಕೊರೆಯಲು ಕಟ್ಟಡದ ಮಾಲಕನ ಸಮ್ಮತಿಪತ್ರ ಬೇಕು. ಅವನೋ, ಈ ಬಾಡಿಗೆದಾರ ಯಾವಾಗ ಹೊರಡುವನೆಂದು ದಾರಿ ಕಾಯುತ್ತಿರುವವನು; ಸಮ್ಮತಿಯನ್ನು ಏಕೆ ಕೊಟ್ಟಾನು? ಕಟ್ಟಡವನ್ನು ಪುನರ್‌ನಿರ್ಮಾಣಕ್ಕೆ ಬಿಲ್ಡರನಿಗೆ ಒಪ್ಪಿಸುವ ಮಾತುಕತೆ ನಡೆದಿದ್ದರೆ ಕೇಳುವುದೇ ಬೇಡ. ಅಡಿಗೆಮನೆಯಲ್ಲಿ ಗಾಳಿಯಾಡಲು ಜಾಗವಿಲ್ಲದಿದ್ದರೆ ಅದಕ್ಕೆ ಬೇರೊಂದು ತಕರಾರು.

ಸಿಲಿಂಡರಿನ ದಾರಿ ಹಿಡಿಯೋಣವೆಂದರೆ, ವ್ಯಾಪಾರದ ಸಿಲಿಂಡರು 19 ಕಿಲೋದ್ದು. ನೂರು ಕಿಲೋಗಿಂತ ಹೆಚ್ಚು ಅನಿಲವನ್ನು ಸಂಗ್ರಹಿಸಿಡಲು ಸ್ಫೋಟಕ ವಸ್ತುಗಳ ಇಲಾಖೆಯ ಪರವಾನಗಿ ಅವಶ್ಯ. ಐದು ಸಿಲಿಂಡರಿನವರೆಗೆ ಸರಿ. ಆರನೆಯದನ್ನಿಟ್ಟರೆ 114 ಕಿಲೋ ಆಯಿತು, ಕಾನೂನು ಮುರಿದಂತಾಯಿತು. ದಿನವಿಡೀ ಉರಿಯುವ ಭಟ್ಟಿಗೆ ಐದು ಸಿಲಿಂಡರು ಎಷ್ಟು ಹೊತ್ತು ಬಂದೀತು? ಅದರ ಬೆಲೆಯೂ ತಿಂಗಳ ಮೊದಲ ತಾರೀಕಿಗೆ ಏರಿಳಿಯುತ್ತದೆ. ಮನೆಯ ಸಿಲಿಂಡರಿಗಿರುವಂಥ ಸಹಾಯಧನ ಇದಕ್ಕಿಲ್ಲ. ಚಹದ ಬೆಲೆಯನ್ನು ಹಾಗೆ ತಿಂಗಳಿಗೊಮ್ಮೆ ಏರಿಸಿ ಇಳಿಸಿ ಮಾಡುವ ಹೋಟೆಲಿನವನನ್ನು ನಾವಂತೂ ಕಂಡಿಲ್ಲ. ವಿದ್ಯುತ್ತಿನ ಒಲೆಯಾದರೆ ಜೋಡಣೆಯ ಭಾರವನ್ನು ಹೆಚ್ಚಿಸಿಕೊಳ್ಳಬೇಕು, ವ್ಯಾಪಾರದ ದರದಲ್ಲಿ ಬಿಲ್ಲು ತೆರಬೇಕು.

ಸರಕಾರದ ನೆರವು ಇಲ್ಲವೇ ಇಲ್ಲವೆಂದು ನಾವು ಹೇಳುವುದಿಲ್ಲ. ಸಣ್ಣ ಆಹಾರೋದ್ಯಮಗಳಿಗಾಗಿ ಕೇಂದ್ರ ಸರಕಾರವು 2020ರಲ್ಲಿ ಆರಂಭಿಸಿದ ಯೋಜನೆಯಲ್ಲಿ ವೆಚ್ಚದ ನೂರಕ್ಕೆ 35 ಭಾಗ, ಹತ್ತು ಲಕ್ಷ ರೂಪಾಯಿಯ ಮಿತಿಯೊಳಗೆ, ಸಹಾಯಧನವೆಂದು ಇಡಲಾಯಿತು. ಆದರೆ ಅದು ಬ್ಯಾಂಕಿನ ಸಾಲಕ್ಕೆ ಕಟ್ಟಿದ ಸಹಾಯಧನ. ಸಾಲಕ್ಕೆ ಬ್ಯಾಂಕಿನವರು ಜಾಗದ ಕಾಗದ ಕೇಳುತ್ತಾರೆ. ಜಾಗದ ಕಾಗದ ಕೇಳಿದರೆ ಮತ್ತೆ ಅದೇ ಪಗಡಿಯ ಮಾಲಕನ ಬಾಗಿಲಿಗೆ ಹೋಗಬೇಕು. ಈ ಸುತ್ತಾಟವನ್ನು ಆರು ತಿಂಗಳಲ್ಲಿ ಮುಗಿಸಬಲ್ಲವನು ದೊಡ್ಡ ಬಂಡವಾಳದ ದೊಡ್ಡ ಧಣಿಯೇ ಹೊರತು ಎರಡು ಮೇಜಿನ ಹೋಟೆಲಿನವನಲ್ಲ. ಆಜ್ಞೆ ಇಬ್ಬರಿಗೂ ಒಂದೇ. ಫಲ ಒಂದೇ ಆಗದು.

ಅಂಗಡಿ ಮುಚ್ಚಿದರೆ ಯಜಮಾನನು ಊರಿಗೆ ಹೋಗಿ ತೋಟ ನೋಡಿಕೊಂಡಾನು. ಅವನ ಬಳಿ ದುಡಿಯುವವನು ಏನು ಮಾಡಬೇಕು? ಒಲೆ ಬದಲಾಯಿಸಲೆಂದು ತಿಂಗಳ ಮಟ್ಟಿಗೆ ಬಾಗಿಲು ಹಾಕಿದರೂ ಆ ತಿಂಗಳ ಸಂಬಳವೆಲ್ಲಿ? ತಂದೂರಿನ ಕೆಲಸವನ್ನೇ ಕಲಿತು ಅದರಲ್ಲೇ ಹೆಸರು ಮಾಡಿದವನ ಕೈಗೆ ಅನಿಲದ ಒಲೆ ಬಂದರೆ ಅವನಿಗೆ ಹೊಸದಾಗಿ ಕಲಿಸುವವರಾರು? ಆಜ್ಞೆಗಳಲ್ಲಿಯೂ ನೋಟೀಸುಗಳಲ್ಲಿಯೂ ಕೆಲಸಗಾರನೆಂಬ ಶಬ್ದವನ್ನು ಹುಡುಕಿ ತೆಗೆಯಬೇಕಾಗಿದೆ. ಕಲಿಸುವುದು ಕೇವಲ ಉಪಕಾರದ ಮಾತಲ್ಲ, ಪ್ರಾಣದ ಮಾತು. 2015ರ ಅಕ್ಟೋಬರಿನಲ್ಲಿ ಕುರ್ಲಾದ ಹೋಟೆಲೊಂದರಲ್ಲಿ ಸಿಲಿಂಡರಿನ ಅವಘಡದಿಂದ ಬೆಂಕಿ ಎದ್ದು ಎಂಟು ಜನರು ಸುಟ್ಟು ಸತ್ತರು. ಬಹುತೇಕ ಎಳೆಯ ವಿದ್ಯಾರ್ಥಿಗಳು, ಮಧ್ಯಾಹ್ನದ ಊಟಕ್ಕೆಂದು ಬಂದವರು. ಶುದ್ಧ ಇಂಧನ ಹೊಗೆಯಿಲ್ಲದ್ದು ನಿಜ, ಅಪಾಯವಿಲ್ಲದ್ದಲ್ಲ. ಕಟ್ಟಿಗೆ ಸೋರುವುದಿಲ್ಲ, ಅನಿಲ ಸೋರುತ್ತದೆ. ವಾಸನೆ ಬಂದಾಗ ದೀಪದ ಗುಂಡಿಯನ್ನು ಒತ್ತಬಾರದು, ಮೊದಲು ರೆಗ್ಯುಲೇಟರ್ ಮುಚ್ಚಿ ಬಾಗಿಲು ತೆರೆಯಬೇಕು ಎಂಬಷ್ಟನ್ನಾದರೂ ಊರಿನಿಂದ ನಿನ್ನೆ ಬಂದ ಹುಡುಗನಿಗೆ ಅವನ ಭಾಷೆಯಲ್ಲಿ ಹೇಳಿಕೊಡಬೇಕಲ್ಲವೆ?

ಅಡಿಗೆಮನೆಯ ಬೆಂಕಿಯ ಮಾತು ಇಷ್ಟಾಯಿತು. ಕಟ್ಟಡಗಳಲ್ಲಿ ಇನ್ನೊಂದು ಬೆಂಕಿಯುಂಟು. ಸ್ನಾನದ ನೀರನ್ನು ಕಾಯಿಸುವುದು, ಚಳಿಗೆ ಮೈ ಕಾಯಿಸುವುದು. ಇದನ್ನು ಕುರಿತೂ ಸರಕಾರದ ಕಟ್ಟಳೆಗಳಿವೆ, ಅವು ಮೇಲಿನವುಗಳಿಗಿಂತ ಹಳೆಯವು. 2001ರಲ್ಲಿ ಇಂಧನ ಸಂರಕ್ಷಣಾ ಕಾಯಿದೆಯಾಯಿತು. 2007ರಲ್ಲಿ ದೊಡ್ಡ ವಾಣಿಜ್ಯ ಕಟ್ಟಡಗಳಿಗಾಗಿ ಒಂದು ಸಂಹಿತೆ ಬಂದು, 2017ರಲ್ಲಿ ಪರಿಷ್ಕೃತವಾಯಿತು. ಹೋಟೆಲುಗಳೂ ಆಸ್ಪತ್ರೆಗಳೂ ತಮ್ಮ ಬಿಸಿನೀರಿನಲ್ಲಿ ಕನಿಷ್ಠ ಐದನೆಯ ಒಂದು ಭಾಗವನ್ನು ಬಿಸಿಲಿನಿಂದ ಕಾಯಿಸಬೇಕೆಂಬ ವಿಧಿ ಅದರಲ್ಲಿ ಸೇರಿತು. 2022ರ ತಿದ್ದುಪಡಿಯಲ್ಲಿ ವಾಸದ ಕಟ್ಟಡಗಳನ್ನೂ ಕಾಯಿದೆಯ ವ್ಯಾಪ್ತಿಗೆ ತರಲಾಯಿತು. ಓದಲು ಹಿತವಾಗಿದೆ. ಆದರೆ ಈ ಸಂಹಿತೆ ಅನ್ವಯಿಸುವುದು 100 ಕಿಲೋವ್ಯಾಟ್ ಅಥವಾ ಅದಕ್ಕೆ ಮೇಲ್ಪಟ್ಟ ವಿದ್ಯುತ್ ಜೋಡಣೆಯ ಕಟ್ಟಡಗಳಿಗೆ, ಅದೂ ಹೊಸದಾಗಿ ಕಟ್ಟುವಂಥವಕ್ಕೆ. ಮಾಟುಂಗಾದ, ದಾದರಿನ, ಫೋರ್ಟಿನ ನಮ್ಮವರ ಹಳೆಯ ಹೋಟೆಲುಗಳು ಇದರ ಲೆಕ್ಕಕ್ಕೆ ಬರುವುದಿಲ್ಲ. ಅಲ್ಲಿಯ ಕ್ಲೀನರನು ರಾತ್ರಿ ಮಲಗುವ ಅಟ್ಟವಾಗಲಿ, ಕಾರಕೂನನು ಸಂಸಾರ ಹೂಡಿದ ಚಾಳಿನ ಖೋಲಿಯಾಗಲಿ ಬರುವುದೇ ಇಲ್ಲ.

ಈ ವಿಷಯದಲ್ಲಿ ನಮ್ಮ ತಾಯ್ನಾಡು ಒಂದು ಹೆಜ್ಜೆ ಮುಂದಿಟ್ಟದ್ದನ್ನು ಹೇಳದಿದ್ದರೆ ಅನ್ಯಾಯವಾದೀತು. 2007ರಲ್ಲಿ ಕರ್ನಾಟಕದಲ್ಲಿ, ನಿಗದಿಯಾದ ಅಳತೆಯನ್ನು ಮೀರಿದ ಹೊಸ ಮನೆಗಳಿಗೆ ಸೌರ ನೀರೊಲೆ ಇದ್ದರೆ ಮಾತ್ರ ವಿದ್ಯುತ್ ಜೋಡಣೆ ಎಂಬ ನಿಯಮವನ್ನು ತರಲಾಯಿತು. ಬಿಲ್ಲಿನಲ್ಲಿ ಯೂನಿಟಿಗೆ 50 ಪೈಸೆಯಂತೆ ಸ್ವಲ್ಪ ರಿಯಾಯಿತಿಯನ್ನೂ ಇಡಲಾಯಿತು. ಬೆಂಗಳೂರಿನ ಮಾಳಿಗೆಗಳ ಮೇಲೆ ಇಂದು ಸಾಲು ಸಾಲಾಗಿ ಕಾಣುವ ಆ ತೊಟ್ಟಿಗಳು ಈ ನಿಯಮದ ಫಲ. ದೇಶದಲ್ಲಿ ಈ ಬಾಬಿನಲ್ಲಿ ಬೆಂಗಳೂರಿಗೆ ಅಗ್ರಸ್ಥಾನವಿದೆ. ಇದು ಸಣ್ಣ ಸಂಗತಿಯಲ್ಲ. ಬೆಂಗಳೂರಿನ ಗೀಸರು ಹೊಗೆಯುಗುಳುವುದಿಲ್ಲವೆಂದು ತಿಳಿಯುವುದು ಭ್ರಮೆ. ಆ ಹೊಗೆ ರಾಯಚೂರಿನ ಶಕ್ತಿನಗರದಲ್ಲಿ ಏಳುತ್ತದೆ, ಬೂದಿ ಅಲ್ಲಿಯವರ ಹೊಲದ ಮೇಲೆ ಬೀಳುತ್ತದೆ. ದೇಶದ ವಿದ್ಯುತ್ತಿನಲ್ಲಿ ಮುಕ್ಕಾಲು ಪಾಲಿನಷ್ಟು ಇನ್ನೂ ಕಲ್ಲಿದ್ದಲಿನದೇ ಆಗಿರುವಾಗ, ಬಿಸಿಲಿನಿಂದಲೇ ಕಾದ ಒಂದು ಹಂಡೆ ನೀರು ನಿಜವಾಗಿಯೂ ಶುದ್ಧವಾದದ್ದು.

ಆದರೆ ಇಲ್ಲಿಯೂ ಫಲ ಯಾರಿಗೆ ದೊರೆಯಿತೆಂದು ವಿಚಾರಿಸಬೇಕು. ಮಾಳಿಗೆ ಮಾಲಕನದು, ಬಿಲ್ಲು ಬಾಡಿಗೆದಾರನದು. ಯಂತ್ರಕ್ಕೆ ಮಾಲಕನು ಹಣ ಹಾಕಬೇಕು. ಅದರಿಂದ ಬಿಲ್ಲು ತಗ್ಗಿದರೆ ಲಾಭ ಬಾಡಿಗೆದಾರನಿಗೆ. ಹೀಗಿರುವಾಗ ನಿಯಮ ಕಡ್ಡಾಯ ಮಾಡದ ಹಳೆಯ ಮನೆಗಳ ಮಾಲಕರು ಏಕೆ ಮುಂದಾಗುತ್ತಾರೆ? ಪುಣೆಯ ಮಹಾನಗರಪಾಲಿಕೆಯು ಇಂಥ ಸಲಕರಣೆ ಹಾಕಿಸಿದವರಿಗೆ ಆಸ್ತಿ ತೆರಿಗೆಯಲ್ಲಿ ರಿಯಾಯಿತಿ ಕೊಡುತ್ತ ಬಂದಿದೆ. ಒಳ್ಳೆಯದೇ, ಆದರೆ ತೆರಿಗೆ ತೆರುವವನೂ ಮಾಲಕನೇ. ಮುಂಬಯಿ ಪುಣೆಗಳಲ್ಲಿರುವ ನಮ್ಮ ಜನರಲ್ಲಿ ಬಾಡಿಗೆದಾರರೆಷ್ಟು, ಸ್ವಂತ ಮಾಳಿಗೆಯುಳ್ಳವರೆಷ್ಟು ಎಂಬುದನ್ನು ವಾಚಕರಿಗೆ ನಾವು ಹೇಳಬೇಕಾಗಿಲ್ಲ. ಕಾರಕೂನನು ಬಕೆಟಿಗೆ ರಾಡು ಇಳಿಬಿಟ್ಟು ನೀರು ಕಾಯಿಸುತ್ತಾನೆ. ಎರಡು ಕಿಲೋವ್ಯಾಟಿನ ಗೀಸರು ದಿನಕ್ಕೆ ಅರ್ಧ ಗಂಟೆ ಉರಿದರೂ ತಿಂಗಳಿಗೆ ಮೂವತ್ತು ಯೂನಿಟು. ಹೋಟೆಲಿನ ಹುಡುಗನಿಗಂತೂ ಗೀಸರೂ ಇಲ್ಲ, ರಾಡೂ ಇಲ್ಲ. ಇಡ್ಲಿ ಬೇಯುವ ಬಾಯ್ಲರಿನಿಂದ ಒಂದು ಚೊಂಬು ಬಿಸಿನೀರನ್ನು ಭಟ್ಟರ ಕಣ್ಣು ತಪ್ಪಿಸಿ ಹೊಡೆದುಕೊಂಡರೆ ಅದೇ ಅವನ ಅಭ್ಯಂಗ.

ಹೋಟೆಲಿನವರಿಗೆ ಸುಲಭವಾಗಿ ತಿಳಿಯುವ ಇನ್ನೊಂದು ಉಪಾಯವೂ ಇದೆ. ಫ್ರಿಜ್ಜಿನ ಹಿಂದೆ ಕೈಯಿಟ್ಟು ನೋಡಿದವರಿಗೆಲ್ಲ ಅದು ಬಿಸಿಯಾಗಿರುವುದು ಗೊತ್ತು. ಒಳಗಿನ ಹಾಲಿನಿಂದ ತೆಗೆದ ಬಿಸಿಯನ್ನು ಅದು ಹಿಂದಕ್ಕೆ ಹೊರಚೆಲ್ಲುತ್ತದೆ. ಇದೇ ಯಂತ್ರವನ್ನು ತಿರುಗಿಸಿ, ಹೊರಗಿನ ಗಾಳಿಯ ಬಿಸಿಯನ್ನೆಳೆದು ನೀರಿಗೆ ಹಾಕುವಂತೆ ಮಾಡಿದರೆ ಅದು ಹೀಟ್ ಪಂಪ್. ಒಂದು ಯೂನಿಟು ವಿದ್ಯುತ್ತಿಗೆ ಅದು ಸುಮಾರು ಮೂರು ಯೂನಿಟಿನಷ್ಟು ಶಾಖವನ್ನು ಕೊಡುತ್ತದೆ. ಏಕೆಂದರೆ ಅದು ಶಾಖವನ್ನು ಹುಟ್ಟಿಸುವುದಿಲ್ಲ, ಇದ್ದುದನ್ನು ಸಾಗಿಸುತ್ತದೆ. ನೂರು ಲೀಟರ್ ನೀರನ್ನು 25 ಡಿಗ್ರಿಯಿಂದ 45 ಡಿಗ್ರಿಗೆ ಏರಿಸಲು ಗೀಸರಿಗೆ ಎರಡೂಕಾಲು ಯೂನಿಟಿಗೆ ಕಡಿಮೆಯಿಲ್ಲದೆ ಬೇಕು. ಇದಕ್ಕೆ ಮುಕ್ಕಾಲು ಯೂನಿಟು ಸಾಕು. ಬೆವರು ಸುರಿಯುವ ನಮ್ಮ ಅಡಿಗೆಮನೆಯ ಗಾಳಿಯಿಂದಲೇ ಪಾತ್ರೆ ತೊಳೆಯುವ ನೀರು ಕಾದು, ಅಡಿಗೆಮನೆಯೂ ಒಂದಿಷ್ಟು ತಂಪಾದರೆ ಭಟ್ಟರು ಬೇಡವೆನ್ನುವರೇ? ದೊಡ್ಡ ಲಾಡ್ಜುಗಳು ಇದನ್ನು ಹಾಕಿಸತೊಡಗಿವೆ. ಸಣ್ಣವರಿಗೆ ಮೊದಲ ಬೆಲೆಯೇ ಅಡ್ಡಿ.

ದಿಲ್ಲಿಯಲ್ಲಿರುವ ನಮ್ಮ ಬಂಧುಗಳಿಗೆ ಈ ಪ್ರಶ್ನೆ ಇನ್ನೂ ತೀಕ್ಷ್ಣವಾದದ್ದು. ಅಲ್ಲಿ ಗಾಳಿ ಕೆಟ್ಟಂತೆ ಹಂತಹಂತವಾಗಿ ನಿರ್ಬಂಧ ಹೇರುವ ಯೋಜನೆ 2017ರಿಂದ ಜಾರಿಯಲ್ಲಿದೆ. ಹೋಟೆಲುಗಳ ಇದ್ದಲು ಕಟ್ಟಿಗೆಯ ತಂದೂರುಗಳಿಗೆ ಅದರಲ್ಲಿ ನಿಷೇಧವಿದೆ. ಜೊತೆಗೆ ಒಂದು ಒಳ್ಳೆಯ ಮಾತೂ ಇದೆ: ರಾತ್ರಿ ಕಾವಲುಗಾರರು ಕಸಕಡ್ಡಿ ಸುಟ್ಟು ಚಳಿ ಕಾಯಿಸಿಕೊಳ್ಳದಂತೆ ಬಡಾವಣೆಯ ನಿವಾಸಿ ಸಂಘಗಳು ಅವರಿಗೆ ವಿದ್ಯುತ್ತಿನ ಹೀಟರನ್ನು ಒದಗಿಸಬೇಕೆಂದು. ‘ಬೆಂಕಿ ಹಾಕಬೇಡ’ ಎಂದಷ್ಟೇ ಹೇಳಿ ಸುಮ್ಮನಾಗದೆ ‘ಇದನ್ನು ತೆಗೆದುಕೋ’ ಎಂದೂ ಹೇಳಿದ ಕಟ್ಟಳೆ ನಮ್ಮ ದೇಶದಲ್ಲಿ ಅಪರೂಪ, ಬರೆದವರನ್ನು ಅಭಿನಂದಿಸುತ್ತೇವೆ. ಆದರೆ ಕಾವಲುಗಾರನಿಗೆ ಸಂಘವಿದೆ, ಢಾಬಾದ ಹಿಂದಿನ ಕೋಣೆಯಲ್ಲಿ ಮಲಗುವ ಹುಡುಗನಿಗೆ ಯಾರಿದ್ದಾರೆ? ಚಳಿಗೆ ಹೆದರಿ ಇದ್ದಲಿನ ಅಂಗೀಠಿಯನ್ನು ಒಳಗಿಟ್ಟು ಬಾಗಿಲು ಕಿಟಕಿ ಭದ್ರ ಮಾಡಿ ಮಲಗಿದವರು ಬೆಳಿಗ್ಗೆ ಏಳದೆ ಹೋದ ವಾರ್ತೆ ಉತ್ತರ ಭಾರತದ ಪತ್ರಿಕೆಗಳಲ್ಲಿ ಚಳಿಗಾಲ ಬಂದಾಗಲೆಲ್ಲ ಬರುತ್ತದೆ. ಮುಚ್ಚಿದ ಕೋಣೆಯಲ್ಲಿ ಇದ್ದಲಿನಿಂದ ಹೊರಡುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ; ನಿದ್ರೆಯಲ್ಲಿಯೇ ಕೊಲ್ಲುತ್ತದೆ. ದಿಲ್ಲಿಯ ವಾಚಕರಲ್ಲಿ ನಮ್ಮ ವಿಜ್ಞಾಪನೆ: ಅಂಗೀಠಿಯನ್ನು ದಯವಿಟ್ಟು ಮಲಗುವ ಕೋಣೆಯೊಳಗೆ ತರಬೇಡಿ.

ನಮ್ಮ ಸರಕಾರಗಳು ಮಾತ್ರ ಹೀಗೆ, ಬಿಳಿಯರ ದೇಶದಲ್ಲಿ ಎಲ್ಲವೂ ಸುಸೂತ್ರವೆಂದು ಯಾರಾದರೂ ಭಾವಿಸಿದರೆ ಬ್ರಿಟನ್ನಿನ ಕಥೆಯನ್ನು ಕೇಳಬೇಕು. ಅಲ್ಲಿ ಮನೆಗಳಲ್ಲಿ ಹೆಚ್ಚಿನವು ಅನಿಲದ ಬಾಯ್ಲರಿನಿಂದಲೇ ಬೆಚ್ಚಗಾಗುತ್ತವೆ. ಅದನ್ನು ಬಿಡಿಸಿ ಹೀಟ್ ಪಂಪಿಗೆ ತರಬೇಕೆಂದು, 2028ರ ಹೊತ್ತಿಗೆ ವರ್ಷಕ್ಕೆ ಆರು ಲಕ್ಷದಂತೆ ಹಾಕಿಸುವ ಗುರಿಯನ್ನು 2020ರ ನವೆಂಬರಿನಲ್ಲಿ ಸಾರಲಾಯಿತು. ಅದಕ್ಕೂ ಎರಡು ತಿಂಗಳು ಮೊದಲು, ಮನೆಗಳ ಗೋಡೆ ಮಾಡುಗಳಿಗೆ ಶಾಖ ಸೋರದಂತೆ ಹೊದಿಕೆ ಹಾಕಿಸಲು 150 ಕೋಟಿ ಪೌಂಡಿನ ಸಹಾಯಧನ ಯೋಜನೆಯೊಂದನ್ನು ಆರಂಭಿಸಿದ್ದರು. ಗುರಿ ಆರು ಲಕ್ಷ ಮನೆಗಳು. ಅವಸರದಲ್ಲಿ ಹುಟ್ಟಿದ ಯೋಜನೆ. ಕೆಲಸ ಬಲ್ಲವರು ಸಾಲಲಿಲ್ಲ, ಅರ್ಜಿಗಳು ಕಚೇರಿಯಲ್ಲಿ ಕೊಳೆತವು, ಹಣ ಬರುವುದೆಂದು ಆಳುಗಳನ್ನು ನೇಮಿಸಿಕೊಂಡ ಸಣ್ಣ ಗುತ್ತಿಗೆದಾರರು ತೊಂದರೆಗೀಡಾದರು. ಆರು ತಿಂಗಳಲ್ಲಿ, 2021ರ ಮಾರ್ಚಿನಲ್ಲಿ ಬಾಗಿಲು ಮುಚ್ಚಿತು. ಕೊನೆಗೆ ಕೆಲಸವಾದದ್ದು ಸುಮಾರು 47,500 ಮನೆಗಳಲ್ಲಿ. ಆ ಮೇಲೆ 2022ರಲ್ಲಿ ಹೀಟ್ ಪಂಪಿಗೆ 5,000 ಪೌಂಡು, 2023ರ ಅಕ್ಟೋಬರಿನಿಂದ 7,500 ಪೌಂಡು ಸಹಾಯಧನ ಕೊಡತೊಡಗಿದ ನಂತರ ಬೇಡಿಕೆ ಮೇಲಕ್ಕೇರಿತು. ಆದರೂ 2024ರಲ್ಲಿ ಮಾರಾಟವಾದವು ಒಂದು ಲಕ್ಷದ ಆಸುಪಾಸು. ಕಾರಣ ಗುಪ್ತವಾದದ್ದಲ್ಲ. ಅಲ್ಲಿ ವಿದ್ಯುತ್ತಿನ ಯೂನಿಟಿನ ಬೆಲೆ ಅನಿಲದ ನಾಲ್ಕರಷ್ಟಿತ್ತು. ಯಂತ್ರ ಮೂರು ಪಟ್ಟು ಶಾಖ ಕೊಟ್ಟರೂ ಬಿಲ್ಲು ತಗ್ಗದಿದ್ದರೆ ಗೃಹಸ್ಥನು ಹಳೆಯ ಬಾಯ್ಲರನ್ನೇ ಒರಸಿ ಇಟ್ಟುಕೊಳ್ಳುತ್ತಾನೆ.

ಡೆನ್ಮಾರ್ಕಿನವರು ಇದಕ್ಕೆ ವಿರುದ್ಧವಾದ ದಾರಿ ಹಿಡಿದರು. 1973ರ ತೈಲಕ್ಷಾಮದಲ್ಲಿ ಚಳಿಗೆ ನಡುಗಿದ ಆ ಪುಟ್ಟ ದೇಶ 1979ರಲ್ಲಿ ಶಾಖ ಪೂರೈಕೆಯ ಕಾನೂನನ್ನೇ ಮಾಡಿ, ಊರೂರಿಗೆ ಬಿಸಿನೀರಿನ ಕೊಳವೆಯನ್ನು ಹಾಸುತ್ತ ಹೋಯಿತು. ಇಂದು ಸುಮಾರು ಮೂರರಲ್ಲಿ ಎರಡು ಮನೆಗಳು ಆ ಕೊಳವೆಯಿಂದಲೇ ಬೆಚ್ಚಗಿವೆ. ಮೊದಲು ಕೊಳವೆ, ಆಮೇಲೆ ಕಟ್ಟುಪಾಡು. ಆರು ತಿಂಗಳಲ್ಲಿ ಆದ ಕೆಲಸವಲ್ಲ, ನಲವತ್ತು ವರ್ಷದ ಪಟ್ಟು.

ಆದುದರಿಂದ ಮುಂಬಯಿಯ ಅಧಿಕಾರಿಗಳ ಮುಂದೆ ನಮ್ಮ ಬೇಡಿಕೆಗಳು ಸ್ಪಷ್ಟವಾಗಿವೆ. ಗಡುವನ್ನು ಆಜ್ಞೆಯ ತಾರೀಕಿನಿಂದ ಎಣಿಸದೆ, ಅನಿಲದ ಕೊಳವೆ ಅಂಗಡಿಯ ಬಾಗಿಲಿಗೆ ಬಂದ ತಾರೀಕಿನಿಂದ ಎಣಿಸಬೇಕು. ಕೊಳವೆ ಬಂದ ಮೇಲೂ ಕಟ್ಟಿಗೆ ಸುಡುವವನಿಗೆ ದಂಡ ಹಾಕಲಿ. ನಾವು ಅವನ ಪರ ವಹಿಸುವುದಿಲ್ಲ. ಶುದ್ಧ ಇಂಧನದ ಜೋಡಣೆಗೆ ಕಟ್ಟಡದ ಮಾಲಕನು ಸಮ್ಮತಿಯನ್ನು ತಡೆಹಿಡಿಯಲಾಗದಂತೆ ನಿಯಮವಾಗಬೇಕು. ಇದಕ್ಕೆ ಸರಕಾರದ ಬೊಕ್ಕಸದಿಂದ ಒಂದು ಪೈಸೆಯೂ ಖರ್ಚಿಲ್ಲ. ಒಲೆ ಬದಲಾವಣೆಗಾಗಿ ಮುಚ್ಚಿದ ದಿನಗಳ ಸಂಬಳ ಕೆಲಸಗಾರನಿಗೆ ಸಲ್ಲಬೇಕೆಂಬ ಷರತ್ತನ್ನು ಸಹಾಯಧನದ ಕಾಗದದಲ್ಲೇ ಬರೆಯಬೇಕು. ಮೂರು ತಿಂಗಳಿಗೊಮ್ಮೆ ಮಹಾನಗರಪಾಲಿಕೆಯು ವಾರ್ಡುವಾರು ಪಟ್ಟಿಯೊಂದನ್ನು ಪ್ರಕಟಿಸಬೇಕು: ಬದಲಾದ ಒಲೆಗಳೆಷ್ಟು, ಮುಚ್ಚಿದ ಅಂಗಡಿಗಳೆಷ್ಟು, ಕೆಲಸ ಕಳೆದುಕೊಂಡವರೆಷ್ಟು. ಮೂರನೆಯ ಅಂಕಣವಿಲ್ಲದ ಪಟ್ಟಿಯನ್ನು ನಾವು ಪ್ರಗತಿಯ ಪಟ್ಟಿಯೆಂದು ಒಪ್ಪಲಾರೆವು.

ನಮ್ಮವರು ತಾವೇ ಮಾಡಬಹುದಾದದ್ದೂ ಇದೆ. ಒಬ್ಬೊಬ್ಬ ಹೋಟೆಲಿನವನು ಒಬ್ಬೊಬ್ಬ ಬ್ಯಾಂಕಿನವನ ಬಾಗಿಲು ಕಾಯುವ ಬದಲು, ‘ಆಹಾರ್’ನಂತಹ ಹೋಟೆಲು ಮಾಲಕರ ಸಂಘವು ನೂರು ಅರ್ಜಿಗಳನ್ನು ಒಟ್ಟುಗೂಡಿಸಿ ಒಯ್ದರೆ ಬ್ಯಾಂಕಿನವರ ಧ್ವನಿಯೇ ಬೇರೆಯಾದೀತು. ಹಗಲು ದುಡಿದು ರಾತ್ರಿ ಶಾಲೆಯಲ್ಲಿ ಓದಿದ ಹೋಟೆಲು ಹುಡುಗರ ಪರಂಪರೆ ಮುಂಬಯಿ ಕನ್ನಡಿಗರದು. ಅಂಥ ಶಾಲೆಗಳನ್ನು ನಡೆಸಿದ ನಮ್ಮ ಸಂಘಗಳಿಗೆ ಅನಿಲದ ಒಲೆಯ ಬಳಕೆಯನ್ನೂ ಸುರಕ್ಷತೆಯನ್ನೂ ಕನ್ನಡದಲ್ಲಿ, ತುಳುವಿನಲ್ಲಿ ಕಲಿಸುವ ನಾಲ್ಕು ರಾತ್ರಿಗಳ ತರಗತಿ ಭಾರವಾಗದು. ಇನ್ನು ಹೋಟೆಲು ಮಾಲಕ ಬಂಧುಗಳಿಗೆ ಒಂದು ಸೂಚನೆ. ಒಲೆ ಬದಲಾಯಿಸಲು ಗಾರೆಯವನನ್ನೂ ಪ್ಲಂಬರನನ್ನೂ ಹೇಗೂ ಕರೆಸುತ್ತೀರಿ. ಅದೇ ದಿನ ಬಾಯ್ಲರಿನಿಂದ ಒಂದು ಕೊಳವೆಯನ್ನು ಹುಡುಗರ ಮೋರಿಗೂ ಎಳೆಸಿ, ಅವರು ಮಲಗುವ ಅಟ್ಟಕ್ಕೆ ಒಂದು ಕಿಟಕಿಯನ್ನು ತೆಗೆಸಿಬಿಡಿ. ಬಿಲ್ಲಿನಲ್ಲಿ ಅದರ ವ್ಯತ್ಯಾಸ ನಿಮಗೆ ತಿಳಿಯಲಿಕ್ಕೂ ಇಲ್ಲ.